ಕುದುರೆ ಕುಂಟು ಅಂತ ಹೇಳಬೇಕಾ? ಹಳೇ ಸಾಮಾನು ಮಾರುವವರ ಮರ್ಯಾದೆಯ ಕಥೆ

(ಈ ವಾರದ ವಿಡಿಯೋದ ಬರಹರೂಪ. ಸಮಯ ಸಾಲದೆ ವಿಡಿಯೋದಲ್ಲಿ ಕತ್ತರಿಸಿದ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೀನಿ.)



ನಮ್ಮ ನೋಡುಗರೊಬ್ಬರು ಹೋದ ವಾರ ಒಂದು ಪ್ರಶ್ನೆ ಕೇಳಿದರು. ಊರು ರಾಯಚೂರು, ಕೆಲಸ ಹೈದರಾಬಾದಿನ ಗಚ್ಚಿಬೌಲಿಯಲ್ಲಿ. ಈಗ ಪುಣೆಗೆ ವರ್ಗ ಆಗಿದೆ. ಮಂಚ, ಫ್ರಿಜ್, ವಾಷಿಂಗ್ ಮಷೀನು, ಒಂದು ಸ್ಕೂಟರು, ಎಲ್ಲವನ್ನೂ ಆನ್‌ಲೈನ್‌ನಲ್ಲಿ ಮಾರಿ ಹೋಗಬೇಕು. ಫ್ರಿಜ್ ನಡೀತದೆ, ತಣ್ಣಗೂ ಮಾಡ್ತದೆ. ಆದರೆ ರಾತ್ರಿ ಹೊತ್ತು ಕಂಪ್ರೆಸರ್ ಗುರ್ ಅಂತದೆ, ತಳದಲ್ಲಿ ಆಗಾಗ ನೀರು ನಿಲ್ತದೆ. ಫೋಟೋದಲ್ಲಿ ಅದು ಕಾಣೋದಿಲ್ಲ. "ಸರ್, ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳೋನಲ್ಲ. ಕೇಳದೇ ಇದ್ರೆ? ನಾನಾಗೇ ಬಾಯಿ ಬಿಡಬೇಕಾ?"

ನಮ್ಮದು ಚರಿತ್ರೆಯ ಚಾನೆಲ್. ಫ್ರಿಜ್ ಹೇಗೆ ಮಾರಬೇಕು ಅಂತ ಹೇಳಿಕೊಡುವ ಜಾಗ ಅಲ್ಲ. ಆದರೆ ಈ ಪ್ರಶ್ನೆ ಇದೆಯಲ್ಲ, ಇದಕ್ಕೆ ಎರಡು ಸಾವಿರ ವರ್ಷದ ವಯಸ್ಸಾಗಿದೆ. ಬೆಲೆ ಎಷ್ಟು ಹೇಳಬೇಕು ಅನ್ನುವುದರ ಬಗ್ಗೆ ಧರ್ಮಶಾಸ್ತ್ರದವರು, ಖಾಜಿಗಳು, ಬ್ರಿಟಿಷ್ ಜಡ್ಜುಗಳು ಅಷ್ಟೊಂದು ತಲೆ ಕೆಡಿಸಿಕೊಂಡವರಲ್ಲ. ಅವರೆಲ್ಲ ಜಗಳಾಡಿದ್ದು ಒಂದೇ ವಿಷಯಕ್ಕೆ: ಮಾರುವವನಿಗೆ ದೋಷ ಗೊತ್ತಿದೆ, ಕೊಳ್ಳುವವನಿಗೆ ಗೊತ್ತಿಲ್ಲ. ಆಗ ಮಾರುವವನ ಮೌನಕ್ಕೆ ಏನು ಹೆಸರು?

ಮೊದಲು ನಮ್ಮ ಹೈದರಾಬಾದಿನ ಬಜಾರಿಗೇ ಹೋಗೋಣ.

ಪುರಾನಾಪುಲ್ ಗೊತ್ತಲ್ಲ, 1578ರಲ್ಲಿ ಮೂಸಿ ನದಿಗೆ ಕುತುಬ್ ಶಾಹಿಗಳು ಕಟ್ಟಿಸಿದ ಸೇತುವೆ. ಚಾರ್ಮಿನಾರಿಗಿಂತ ಹದಿಮೂರು ವರ್ಷ ದೊಡ್ಡದು. ಅದರ ಆಸುಪಾಸಿನಲ್ಲಿ ಕೂಡುವ ಸಂತೆಗೆ ಜುಮೇರಾತ್ ಬಜಾರ್ ಅಂತಾರೆ. ಜುಮೇರಾತ್ ಅಂದ್ರೆ ಗುರುವಾರ, ಶುಕ್ರವಾರದ ಹಿಂದಿನ ರಾತ್ರಿ. ಹಳೇ ಬೀಗ, ಹಿತ್ತಾಳೆ ಸಾಮಾನು, ಕೆಟ್ಟ ಮಿಕ್ಸಿ, ಒಂಟಿ ಚಪ್ಪಲಿ, ಮೋಟರು, ಯಾರದೋ ಮದುವೆಯ ಫೋಟೋ ಫ್ರೇಮು, ಎಲ್ಲಾ ನೆಲದ ಮೇಲೆ ಹರವಿರ್ತದೆ. ಚಾರ್ಮಿನಾರ್ ಹತ್ತಿರದ ಮುರ್ಗಿ ಚೌಕದಲ್ಲೂ ಹಳೇ ವಸ್ತುಗಳ ಅಂಗಡಿಗಳಿವೆ. ಎರ‍್ರಗಡ್ಡದಲ್ಲಿ ಭಾನುವಾರದ ಸಂತೆ. ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿದಾಗ ಫುಟ್‌ಪಾತಿನ ತುಂಬಾ ಹಳೇ ಪುಸ್ತಕ. ನಾವು ಕನ್ನಡದಲ್ಲಿ ಗುಜರಿ ಅಂತೀವಲ್ಲ, ಉರ್ದುವಿನಲ್ಲಿ ಗುಜ್ರಿ ಅಂದ್ರೆ ಮಧ್ಯಾಹ್ನದ ಮೇಲೆ ದಾರಿ ಬದಿಯಲ್ಲಿ ಕೂಡುವ ಸಂತೆ. ನಮ್ಮ ಬಾಯಲ್ಲಿ ಸಂತೆಯ ಹೆಸರು ಹೋಗಿ ಸಾಮಾನಿನ ಹೆಸರಾಗಿ ನಿಂತಿದೆ.

ಈ ಸಂತೆಗಳ ಕಾನೂನು ಮೂರೇ ಶಬ್ದ: ದೇಖ್ ಕೆ ಲೇವ್. ನೋಡಿ ತಗೋ. ಮಾರುವವನು ಹೊಗಳೋದಿಲ್ಲ, ತೆಗಳೋದೂ ಇಲ್ಲ. ವಸ್ತು ನಿನ್ನ ಕಣ್ಣ ಮುಂದೆ ಇದೆ, ಕೈಯಲ್ಲಿ ಹಿಡಿ, ತಿರುವು, ಮೂಸಿ ನೋಡು, ಬೇಕಾದ್ರೆ ತಗೋ. ಕೇಳೋಕೆ ಒರಟಾಗಿದೆ. ಆದರೆ ಅದರೊಳಗೆ ಒಂದು ಮರ್ಯಾದೆ ಇದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಕಾರ್ಯಕ್ರಮ ಮುಗಿಸಿಕೊಂಡು ಒಮ್ಮೆ ನಾನು ಅಬಿಡ್ಸ್ ಕಡೆ ಹೋಗಿದ್ದೆ. ಒಂದು ಹಳೇ ಉರ್ದು-ಇಂಗ್ಲಿಷ್ ನಿಘಂಟು ಕೈಗೆತ್ತಿಕೊಂಡೆ, ಬೆಲೆ ಮಾತಾಡಿ ಆಯ್ತು, ದುಡ್ಡೂ ತೆಗೆದೆ. ಆಗ ಆ ಮುದುಕಪ್ಪ ಪುಸ್ತಕ ವಾಪಸ್ ಇಸಗೊಂಡು ನಡುವೆ ಬಿಡಿಸಿ ತೋರಿಸಿದ: "ಸಾಬ್, ಬೀಚ್ ಮೇ ಚಾರ್ ಪನ್ನೇ ನಹೀ ಹೈ. ದೇಖ್ ಲೇವ್. ಬಾದ್ ಮೇ ವಾಪಸ್ ನಕ್ಕೋ ಲಾವ್." ನಾಲ್ಕು ಹಾಳೆ ಇಲ್ಲ, ಈಗಲೇ ನೋಡಿಕೊಳ್ಳಿ, ಆಮೇಲೆ ವಾಪಸ್ ತರಬೇಡಿ.

ನನಗೆ ಅದು ಬರೀ ಒಳ್ಳೇತನ ಅನ್ನಿಸಲಿಲ್ಲ. ಅದರಲ್ಲಿ ಲೆಕ್ಕವೂ ಇದೆ. ಮುಂದಿನ ಭಾನುವಾರ ಅವನು ಅದೇ ಜಾಗದಲ್ಲಿ, ಅದೇ ಗೋಡೆಗೆ ಬೆನ್ನು ಹಚ್ಚಿ ಕೂತಿರ್ತಾನೆ. ನಾನೂ ಮತ್ತೆ ಹೋಗ್ತೀನಿ. ಮುಖ ಇದೆ, ಜಾಗ ಇದೆ, ವಸ್ತು ಎದುರಿಗಿದೆ. ಈ ಮೂರನ್ನು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತವೆ.

ಜುಮೇರಾತ್ ಬಜಾರಿಗೆ ಇನ್ನೊಂದು ಹೆಸರೂ ಇದೆ, ಚೋರ್ ಬಜಾರ್. ಹಳೇ ಸಾಮಾನಿನ ವ್ಯಾಪಾರಕ್ಕೆ ಈ ಕಳಂಕ ಇವತ್ತಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಸ್ಥಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಬರ್ತಾನೆ, ಪೇಟೆಯ ಮೇಲ್ವಿಚಾರಕ. ಅವನ ಕೆಲಸಗಳನ್ನು ಹೇಳುವ ಅಧ್ಯಾಯದ ಮೊದಲಲ್ಲೇ ಬರುವುದು ಹಳೇ ಸಾಮಾನಿನ ಮಾತು, 'ಪುರಾಣಭಾಂಡ'. ಹಳೆಯ ಪದಾರ್ಥವನ್ನು ಮಾರುವುದಾಗಲಿ ಒತ್ತೆ ಇಡುವುದಾಗಲಿ ಪೇಟೆಯಲ್ಲೇ ನಡೆಯಬೇಕು, ಅದು ತನ್ನದೇ ಅಂತ ರುಜುವಾತು ಆದ ಮೇಲೆ ನಡೆಯಬೇಕು. ತೂಕ, ಅಳತೆಯ ಮೋಸ ಎಲ್ಲಾ ಆಮೇಲೆ. ಅಂದ್ರೆ ಸೆಕೆಂಡ್ ಹ್ಯಾಂಡ್ ಮಾರುವವನ ಮೊದಲ ಮರ್ಯಾದೆ ವಸ್ತು ಚೆನ್ನಾಗಿದೆಯಾ ಅನ್ನುವುದಲ್ಲ, ಅದು ನಿನ್ನದಾ ಅನ್ನುವುದು. ಬಿಲ್ಲು ಇಟ್ಟುಕೊಂಡಿರಿ ಅಂತ ಮನೆಯ ಹಿರಿಯರು ಹೇಳ್ತಾರಲ್ಲ, ಅದರ ಅಜ್ಜ ಇದು.

2018ರ ಸೆಪ್ಟೆಂಬರಿನಲ್ಲಿ ನಮ್ಮದೇ ಹೈದರಾಬಾದಿನ ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಮ್ಮಿನಿಂದ ಬಂಗಾರದ ಟಿಫಿನ್ ಡಬ್ಬಿ ಕಳುವಾಯಿತು. ಕದ್ದವರು ಅದನ್ನು ಮುಂಬಯಿಗೆ ಒಯ್ದು ಗಿರಾಕಿ ಹುಡುಕಿದರು, ಸಿಗಲಿಲ್ಲ, ಕೆಲವೇ ದಿನಗಳಲ್ಲಿ ಪೊಲೀಸರ ಕೈಗೆ ಬಿದ್ದರು. ಅವರಲ್ಲೊಬ್ಬ ಆ ಡಬ್ಬಿಯಲ್ಲೇ ಊಟ ಮಾಡ್ತಿದ್ದ ಅಂತ ಪೊಲೀಸರು ಹೇಳಿದಾಗ ಊರೆಲ್ಲಾ ನಕ್ಕಿತು. ವಸ್ತು ಬಂಗಾರದ್ದೇ, ದೋಷವೇ ಇಲ್ಲ. ಆದರೆ ಇದು ನಿನಗೆಲ್ಲಿಂದ ಬಂತು ಅನ್ನುವ ಒಂದು ಪ್ರಶ್ನೆಗೆ ಉತ್ತರ ಇಲ್ಲದ ವಸ್ತು, ಮಾರಲು ಬಾರದ ವಸ್ತು.

ಈಗ ಸ್ವಲ್ಪ ಪಶ್ಚಿಮಕ್ಕೆ ಹೋಗೋಣ. ಹೈದರಾಬಾದಿನಿಂದ ಮುಂಬಯಿ ಹೆದ್ದಾರಿ ಹಿಡಿದು ಮೂರು-ನಾಲ್ಕು ಗಂಟೆ ಹೋದರೆ ಬಸವಕಲ್ಯಾಣ. ಬೀದರ್ ಜಿಲ್ಲೆ, 1956ರವರೆಗೆ ಇದೇ ಹೈದರಾಬಾದ್ ರಾಜ್ಯದ ಊರು. ನಾವು ಕಲ್ಯಾಣ ಅಂದ ಕೂಡಲೇ ಬಸವಣ್ಣನವರನ್ನು ನೆನೀತೀವಿ, ಸರಿಯೇ. ಅವರಿಗಿಂತ ಸ್ವಲ್ಪ ಮೊದಲು ಅದೇ ಊರಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಅನ್ನುವ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯದಲ್ಲಿ ಬ್ರಿಟಿಷರ ಕೋರ್ಟುಗಳೂ ಅದನ್ನೇ ಹಿಡಿದು ತೀರ್ಪು ಕೊಟ್ಟವು, ಹಾಗಾಗಿ ವಕೀಲರಿಗೆಲ್ಲ ಆ ಹೆಸರು ಗೊತ್ತು. ಆದರೆ ಆ ಗ್ರಂಥದ ವ್ಯವಹಾರ ಭಾಗದಲ್ಲಿ ಕೊಂಡು ಪಶ್ಚಾತ್ತಾಪ ಪಡುವವರ ಬಗ್ಗೆ ಒಂದು ಪ್ರಕರಣವೇ ಇದೆ. ಅದರ ಹೆಸರೇ ಕ್ರೀತಾನುಶಯ. ಕೊಂಡ ಮೇಲೆ ಅಯ್ಯೋ ಅನ್ನಿಸುವುದು. ಎಂಥಾ ಚೆಂದದ ಹೆಸರು ನೋಡ್ರಿ.

ಅಲ್ಲಿ ಯಾಜ್ಞವಲ್ಕ್ಯ ಒಂದು ಪಟ್ಟಿ ಕೊಡ್ತಾನೆ, ಯಾವ ವಸ್ತುವನ್ನು ಪರೀಕ್ಷೆ ಮಾಡಲು ಎಷ್ಟು ದಿನ ಅಂತ. ಬಿತ್ತುವ ಬೀಜಕ್ಕೆ 10 ದಿನ. ಕಬ್ಬಿಣಕ್ಕೆ 1 ದಿನ. ಹೇರು ಹೊರುವ ಎತ್ತು ಮುಂತಾದವಕ್ಕೆ 5 ದಿನ. ರತ್ನಕ್ಕೆ 7 ದಿನ. ಹಾಲು ಕರೆಯುವ ದನಕ್ಕೆ 3 ದಿನ. ಯೋಚನೆ ಮಾಡಿ ನೋಡಿದರೆ ಈ ಅಂಕಿಗಳು ಸುಮ್ಮನೆ ಬಂದವಲ್ಲ. ಬೀಜ ಮೊಳೆಯಬೇಕು, ಹತ್ತು ದಿನ ಬೇಕು. ಕಬ್ಬಿಣಕ್ಕೆ ಸುತ್ತಿಗೆಯ ಒಂದು ಪೆಟ್ಟು ಸಾಕು. ಎಮ್ಮೆ ಸಂತೆಯ ದಿನ ಕೆಚ್ಚಲು ತುಂಬಿಕೊಂಡು ನಿಂತಿರ್ತದೆ, ಬೆಳಗ್ಗೆ ಕರೆಯದೆ ಬಿಟ್ಟು ತಂದಿರ್ತಾರೆ. ಮನೆಗೆ ತಂದು ಮೂರು ದಿನ ಹಿಂಡಿದಾಗ ನಿಜ ಗೊತ್ತಾಗ್ತದೆ. ನಮ್ಮ ಕಡೆ ದನದ ಸಂತೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಷ ಹೊರಗೆ ಬರಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಮಾರುವವನು ಹೊಣೆ. ಇದು ನನ್ನ ಓದು, ಆದರೆ ಬೇರೆ ರೀತಿ ಓದಲು ಆ ಪಟ್ಟಿ ಬಿಡೋದಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೆರಡು ಅಂಕಿ ಇವೆ, ಮುಚ್ಚಿಡಬಾರದು. ಹೆಣ್ಣಾಳಿಗೆ ಒಂದು ತಿಂಗಳು, ಗಂಡಾಳಿಗೆ ಅರ್ಧ ತಿಂಗಳು. ಮನುಷ್ಯರನ್ನೂ ಎಮ್ಮೆಯ ಸಾಲಿನಲ್ಲೇ ನಿಲ್ಲಿಸಿ ಪರೀಕ್ಷೆಯ ದಿನ ಎಣಿಸಿದ್ದಾರೆ. ವ್ಯಾಪಾರದ ನೀತಿಯನ್ನು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಶಾಸ್ತ್ರಕಾರರಿಗೆ, ಮಾರಾಟಕ್ಕೇ ಇಡಬಾರದ್ದು ಒಂದಿದೆ ಅನ್ನುವುದು ಹೊಳೆಯಲಿಲ್ಲ. ಹಳೆಯದನ್ನೆಲ್ಲ ಹೊಗಳಿ ಹೇಳುವವರು ಈ ಎರಡು ಅಂಕಿಗಳನ್ನು ಹಾರಿಸಿಬಿಡ್ತಾರೆ, ನಾವು ಹಾರಿಸೋದು ಬೇಡ.

ಕೌಟಿಲ್ಯನ ಲೆಕ್ಕ ಬೇರೆ. ಅವನು ವಸ್ತುವನ್ನಲ್ಲ, ಜನರನ್ನು ನೋಡ್ತಾನೆ. ವ್ಯಾಪಾರಿಗಳಿಗೆ ಒಂದು ರಾತ್ರಿ, ರೈತರಿಗೆ ಮೂರು, ದನ ಸಾಕುವವರಿಗೆ ಐದು ರಾತ್ರಿ. ಮನು ಎಲ್ಲರಿಗೂ ಒಟ್ಟಾರೆ ಹತ್ತು ದಿನ ಕೊಡ್ತಾನೆ, ಕೊಂಡವನಿಗೂ ಮಾರಿದವನಿಗೂ.

ಹಾಗಾದರೆ ಬಳಸಿದ ವಸ್ತುವಿಗೆ? ಇಲ್ಲಿ ನಾರದ ಸ್ಮೃತಿ ಬರ್ತದೆ, ನನಗೆ ಬಹಳ ಇಷ್ಟವಾದ ಭಾಗ. ಉಟ್ಟು ಹಳತಾಗಿ, ಮಾಸಿ ಕೊಳೆಯಾದ ಬಟ್ಟೆಯನ್ನು ಒಬ್ಬ ಕೊಂಡ ಅಂತಿಟ್ಟುಕೊಳ್ರಿ. ಅದರಲ್ಲಿ ದೋಷ ಇದ್ದರೂ ಅದು ಮಾರಿದವನಿಗೆ ವಾಪಸ್ ಹೋಗುವುದಿಲ್ಲ ಅಂತಾನೆ ನಾರದ. ಕಣ್ಣಿಗೆ ಕಾಣುವ ಹಳೇತನವನ್ನು ನೋಡಿಯೇ ಕೊಂಡಿದ್ದೀಯ, ಮುಗೀತು. ಅಬಿಡ್ಸ್‌ನ ಮುದುಕಪ್ಪನ 'ವಾಪಸ್ ನಕ್ಕೋ ಲಾವ್' ಇದೇ. ಆದರೆ ಅದೇ ನಾರದ ಇನ್ನೊಂದು ಕಡೆ ಹೇಳ್ತಾನೆ: ದೋಷವಿಲ್ಲದ್ದನ್ನು ತೋರಿಸಿ ದೋಷವಿರುವುದನ್ನು ಕೊಟ್ಟವನು ಬೆಲೆಯ ಎರಡರಷ್ಟು ತೆರಬೇಕು, ಮೇಲೆ ಅಷ್ಟೇ ದಂಡ. ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡ್ರಿ. ಕಂಡ ದೋಷಕ್ಕೆ ಕೊಂಡವನು ಹೊಣೆ. ತೋರಿಸಿದ್ದೊಂದು ಕೊಟ್ಟದ್ದೊಂದು ಆದರೆ ಮಾರಿದವನು ಹೊಣೆ, ಅದೂ ಎರಡು ಪಟ್ಟು. ಇವತ್ತು ಕಂಪನಿಯ ವೆಬ್‌ಸೈಟಿನಿಂದ ಹೊಳೆಯುವ ಹೊಸಾ ಫ್ರಿಜ್ಜಿನ ಫೋಟೋ ಇಳಿಸಿಕೊಂಡು, ಅದನ್ನು ಹಾಕಿ ತಮ್ಮ ಮನೆಯ ಆರು ವರ್ಷದ ಫ್ರಿಜ್ ಮಾರುವವರಿದ್ದಾರಲ್ಲ, ಅವರು ನಾರದನ ಲೆಕ್ಕದಲ್ಲಿ ನಿರ್ದೋಷವನ್ನು ತೋರಿಸಿ ಸದೋಷವನ್ನು ಕೊಟ್ಟವರು.

ನಿಜಾಮರ ಕಾಲದ ಹೈದರಾಬಾದಿನಲ್ಲಿ ಬೇರೂರಿದ್ದ ಹನಫಿ ನ್ಯಾಯಶಾಸ್ತ್ರವೂ ಬೇರೆ ದಾರಿಯಿಂದ ಹೆಚ್ಚುಕಡಿಮೆ ಇಲ್ಲಿಗೇ ಬಂದು ಮುಟ್ಟಿತು. ಅಲ್ಲಿ ಖಿಯಾರ್-ಎ-ಐಬ್ ಅಂತಾರೆ, ದೋಷದ ಕಾರಣಕ್ಕೆ ವಾಪಸ್ ಮಾಡುವ ಹಕ್ಕು. ಮಾರುವ ಹೊತ್ತಿಗೇ ದೋಷ ಇತ್ತು, ಕೊಂಡವನಿಗೆ ಗೊತ್ತಿರಲಿಲ್ಲ ಅಂದ್ರೆ ವಾಪಸ್ ಕೊಡಬಹುದು. ಇದರ ಹಿಂದೆ ಪ್ರವಾದಿಗಳ ಕಾಲದ ಒಂದು ಪ್ರಸಂಗ ಹೇಳ್ತಾರೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಅವರು ಕೈ ಹಾಕಿದರು, ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆ ಬಿತ್ತು ಅಂದ ವ್ಯಾಪಾರಿ. ಹಾಗಾದರೆ ಒದ್ದೆಯಾದದ್ದನ್ನು ಜನ ನೋಡುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಅಂತ ಅವರು ಕೇಳಿದರಂತೆ. ಧಾನ್ಯ ಒದ್ದೆಯಾದದ್ದು ವ್ಯಾಪಾರಿಯ ತಪ್ಪಲ್ಲ, ಅದನ್ನು ಮಾರಬೇಡ ಅಂತಲೂ ಯಾರೂ ಹೇಳಲಿಲ್ಲ. ಮೇಲೆ ಇಡು, ಅಷ್ಟೇ. ಜೊತೆಗೆ ಹನಫಿಗಳು ಒಂದು ಕಿಟಕಿಯನ್ನೂ ತೆರೆದಿಟ್ಟರು. ಯಾವ ದೋಷಕ್ಕೂ ನಾನು ಹೊಣೆಯಲ್ಲ ಅಂತ ಮಾರುವವನು ಮೊದಲೇ ಷರತ್ತು ಹಾಕಿ, ಕೊಳ್ಳುವವನು ಒಪ್ಪಿದರೆ, ಆಮೇಲೆ ವಾಪಸ್ ಇಲ್ಲ. ಇದ್ದದ್ದು ಇದ್ದ ಹಾಗೆ. ಆದರೆ ಆ ಷರತ್ತನ್ನು ಬಾಯಿಬಿಟ್ಟು ಹೇಳಬೇಕು.

ಇಂಗ್ಲೆಂಡಿನವರ ದಾರಿ ಪೂರ್ತಿ ಬೇರೆ. ಕೊಳ್ಳುವವನೇ ಎಚ್ಚರವಾಗಿರಲಿ ಅನ್ನುವುದು ಅವರ ಹಳೇ ಸೂತ್ರ. 1603ರ ಒಂದು ಪ್ರಸಿದ್ಧ ಮೊಕದ್ದಮೆ ಇದೆ, ಚಾಂಡೆಲರ್ ಮತ್ತು ಲೋಪಸ್ ನಡುವಿನದು. ಒಬ್ಬ ಅಕ್ಕಸಾಲಿಗ ಒಂದು ಕಲ್ಲನ್ನು ಇದು ಬೆಜೋರ್ ಕಲ್ಲು ಅಂತ ಹೇಳಿ 100 ಪೌಂಡಿಗೆ ಮಾರಿದ. ಬೆಜೋರ್ ಅಂದ್ರೆ ಮೇಕೆ ಮುಂತಾದ ಪ್ರಾಣಿಗಳ ಹೊಟ್ಟೆಯಲ್ಲಿ ಗಟ್ಟಿಯಾಗುವ ಗಡ್ಡೆ, ವಿಷಕ್ಕೆ ಮದ್ದು ಅಂತ ಯುರೋಪಿನ ರಾಜರು ಬಂಗಾರದ ಬೆಲೆ ಕೊಡ್ತಿದ್ದರು. ಪಾರ್ಸಿಯ 'ಪಾದ್-ಜಹರ್' ಅನ್ನುವ ಪದವೇ ಅಲ್ಲಿ ಹೋಗಿ ಬೆಜೋರ್ ಆಯ್ತು. ಮಜಾ ಏನಂದ್ರೆ, ಈ ಕಲ್ಲು ಗೋಲ್ಕೊಂಡ ರಾಜ್ಯದ ಒಂದು ಸೀಮೆಯಿಂದ ಬರುತ್ತದೆ ಅಂತ ಅದೇ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಬರೆದಿದ್ದಾನೆ. ಅಂದ್ರೆ ಹೈದರಾಬಾದಿನ ಸೀಮೆಗೆ ಹೆಸರು ತಂದ ಸರಕಿನ ಹೆಸರಿನಲ್ಲೇ ಲಂಡನ್ನಿನಲ್ಲಿ ಮೋಸ ನಡೆದು, ಕೋರ್ಟಿಗೆ ಹೋಗಿತ್ತು. ಕೋರ್ಟು ಹೇಳಿದ್ದೇನು? ಇದು ಬೆಜೋರ್ ಅಂತ ಅವನು ಹೇಳಿದ, ಅಷ್ಟೇ. ಗ್ಯಾರಂಟಿ ಕೊಡ್ತೀನಿ ಅಂತ ಹೇಳಲಿಲ್ಲ. ಬರೀ ಹೇಳಿದ್ದಕ್ಕೆ ಅವನು ಹೊಣೆಯಲ್ಲ. ಕೊಂಡವನ 100 ಪೌಂಡು ಹೋಯ್ತು.

ಈ ಹಟದ ಕಾನೂನಿನ ಮೊಮ್ಮಗ ನಮ್ಮ 1872ರ ಭಾರತೀಯ ಕರಾರು ಕಾಯಿದೆ. ಮೊಮ್ಮಗ ಅಜ್ಜನಿಗಿಂತ ಸ್ವಲ್ಪ ಮೆತ್ತಗೆ. ಅದರ 17ನೇ ಕಲಮು ಮೋಸ ಅಂದ್ರೇನು ಅಂತ ಹೇಳಿ, ಬರೀ ಮೌನ ಮೋಸವಲ್ಲ ಅಂತದೆ. ಆಮೇಲೆ ಉದಾಹರಣೆಗೆ ಒಂದು ಕುದುರೆಯನ್ನು ತರ್ತದೆ. ಕಾನೂನಿನ ಪುಸ್ತಕದಲ್ಲಿ ಇಷ್ಟು ಒಳ್ಳೇ ಕಥೆ ಬೇರೆ ಕಡೆ ನಾನು ಓದಿಲ್ಲ.

ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರ್ತಾನೆ. ಕುದುರೆ ಸರಿಯಿಲ್ಲ ಅಂತ ಅವನಿಗೆ ಗೊತ್ತು. ಏನೂ ಹೇಳಲಿಲ್ಲ. ಮೋಸ ಅಲ್ಲ, ಅಂತದೆ ಕಾಯಿದೆ. ಈಗ ಅದೇ ಕುದುರೆ, ಆದರೆ ಕೊಳ್ಳುವವಳು ಅವನ ಮಗಳು, ಆಗ ತಾನೇ ಪ್ರಾಯಕ್ಕೆ ಬಂದವಳು. ಈಗ ಹೇಳಲೇಬೇಕು. ಸಂಬಂಧವೇ ಹಾಗಿದೆ, ಅವಳು ಅಪ್ಪನನ್ನು ನಂಬಿ ಬಂದಿದ್ದಾಳೆ. ಇನ್ನೊಂದು ಸಲ ಅದೇ ಕುದುರೆ: ಕೊಳ್ಳುವವನು, "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂತ ತಿಳೀತೀನಿ" ಅಂತಾನೆ. ಮಾರುವವನು ಸುಮ್ಮನಿದ್ದ. ಆ ಮೌನ ಮಾತಿಗೆ ಸಮ. ಕುದುರೆ ಒಂದೇ, ಕುಂಟು ಒಂದೇ, ಮೌನವೂ ಒಂದೇ. ಬದಲಾದದ್ದು ಎದುರಿಗೆ ನಿಂತವರು ಯಾರು, ಅವರು ಯಾವುದನ್ನು ನಂಬಿದ್ದಾರೆ ಅನ್ನುವುದು ಮಾತ್ರ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಗೊತ್ತಿರುವ ಸಂಗತಿಯನ್ನು ಬೇಕಂತಲೇ ಮುಚ್ಚುವುದು ಮೋಸ. ಫ್ರಿಜ್ಜಿನ ತುಕ್ಕಿನ ಮೇಲೆ ಮಕ್ಕಳ ಸ್ಟಿಕ್ಕರ್ ಅಂಟಿಸಿ ಫೋಟೋ ತೆಗೆಯುವುದು ಮೌನ ಅಲ್ರೀ, ಅದು ಕೆಲಸ. 19ನೇ ಕಲಮು ಮಾರುವವನ ಕಡೆಗೆ ಸ್ವಲ್ಪ ವಾಲ್ತದೆ. ಮೌನದ ಮೋಸವೇ ಆಗಿದ್ದರೂ, ಸಾಮಾನ್ಯ ಎಚ್ಚರದಿಂದ ನಿಜ ಕಂಡುಕೊಳ್ಳುವ ದಾರಿ ಕೊಂಡವನಿಗೆ ಇದ್ದಿದ್ದರೆ ಆ ಕಾರಣಕ್ಕೆ ಕರಾರು ಮುರಿಯಲು ಬರುವುದಿಲ್ಲ. ಹೈದರಾಬಾದ್ ರಾಜ್ಯಕ್ಕೆ, ಅಂದ್ರೆ ಕಲಬುರಗಿ, ಬೀದರ್, ರಾಯಚೂರಿಗೂ, ಈ ಕಾಯಿದೆ ಬಂದದ್ದು ತಡವಾಗಿ, 1951ರ ಏಪ್ರಿಲ್ 1ರಂದು.

ಈಗ ನಾನು ನೆನಪಿಟ್ಟುಕೊಳ್ರಿ ಅಂದಿದ್ದ ಮೂರನ್ನು ತೆಗೀರಿ. ಮುಖ, ಜಾಗ, ಎದುರಿಗಿರುವ ವಸ್ತು. ಆನ್‌ಲೈನ್ ಮಾರಾಟದಲ್ಲಿ ಮೂರೂ ಇಲ್ಲ. ಮನೆ ಖಾಲಿ ಮಾಡಿ ಪುಣೆಗೆ ಹೋಗುವವನಿಗೆ ಮುಂದಿನ ಗುರುವಾರ ಅನ್ನುವುದೇ ಇಲ್ಲ. ಕೊಳ್ಳುವವನು ಕುಕಟಪಲ್ಲಿಯಲ್ಲಿ ಕೂತು ನಾಲ್ಕು ಫೋಟೋ ನೋಡಿ ಸಣ್ಣ ಟೆಂಪೋ ಗೊತ್ತು ಮಾಡ್ತಾನೆ, ಅದರ ಬಾಡಿಗೆಯೇ ಸಾವಿರದ ಮೇಲಾಗ್ತದೆ. ಬಂದ ಮೇಲೆ ಪ್ಲಗ್ ಹಾಕಿ ಹತ್ತು ನಿಮಿಷ ನೋಡ್ತಾನೆ. ರಾತ್ರಿಯ ಗುರ್ ಸದ್ದು ಹತ್ತು ನಿಮಿಷದಲ್ಲಿ ಕೇಳಿಸೋದಿಲ್ಲ. ಯಾಜ್ಞವಲ್ಕ್ಯನ ಎಮ್ಮೆಗೆ ಮೂರು ದಿನ ಇತ್ತು. ಇವನಿಗೆ ಇಲ್ಲ.

ಇಂಥ ಪೇಟೆಯಲ್ಲಿ ಏನಾಗ್ತದೆ ಅಂತ 1970ರಲ್ಲಿ ಜಾರ್ಜ್ ಅಕೆರ್ಲಾಫ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ ಬರೆದ. ಮೂರು ಪತ್ರಿಕೆಗಳು ಆ ಲೇಖನವನ್ನು ವಾಪಸ್ ಕಳಿಸಿದ್ದವು. ಮುಂದೆ 2001ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಅವನ ಉದಾಹರಣೆ ಹಳೇ ಕಾರು. ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಅಂತ ಕೊಳ್ಳುವವನಿಗೆ ಗೊತ್ತಾಗದಿದ್ದರೆ, ಅವನು ಎಲ್ಲವೂ ಅರ್ಧ ಕೆಟ್ಟಿರಬಹುದು ಅಂತಲೇ ಬೆಲೆ ಕೇಳ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಮಾರೋದಿಲ್ಲ, ಮನೆಗೆ ಹೋಗ್ತಾನೆ. ಉಳಿಯುವುದು ಕೆಟ್ಟ ಕಾರುಗಳು. ಬೆಲೆ ಇನ್ನೂ ಬೀಳ್ತದೆ. ಹನ್ನೆರಡು ಸಾವಿರದ ಫ್ರಿಜ್ಜಿಗೆ ಯಾರೋ "ಲಾಸ್ಟ್ ನಾಲ್ಕಕ್ಕೆ ಕೊಡ್ತೀರಾ" ಅಂತ ಮೆಸೇಜ್ ಹಾಕಿದಾಗ ನಮಗೆ ಸಿಟ್ಟು ಬರ್ತದೆ. ಅವಮಾನ ಮಾಡಲು ಹಾಗೆ ಕೇಳಿದ್ದಲ್ಲ ಅವನು. ಹಿಂದೆ ಮೂರು ಜನರ ಮೌನಕ್ಕೆ ಅವನು ಕೊಟ್ಟ ದುಡ್ಡು ಆ ನಾಲ್ಕರಲ್ಲಿ ಸೇರಿದೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1995ರಲ್ಲಿ ಪಿಯೆರ್ ಒಮಿದ್ಯಾರ್ ಅಮೆರಿಕದಲ್ಲಿ ಮುಂದೆ ಈಬೇ ಆದ ಹರಾಜಿನ ತಾಣ ಶುರು ಮಾಡಿದ. ಅಲ್ಲಿ ಮೊದಲು ಮಾರಾಟವಾದದ್ದು ಅವನದೇ ಒಂದು ಲೇಸರ್ ಪಾಯಿಂಟರು, 14.83 ಡಾಲರಿಗೆ. ಅದು ಕೆಟ್ಟಿತ್ತು, ಕೆಟ್ಟಿದೆ ಅಂತಲೇ ಹಾಕಿದ್ದ. ಕೊಂಡವನನ್ನು, ಇದು ಕೆಟ್ಟದ್ದು ಅಂತ ನಿನಗೆ ಗೊತ್ತಲ್ಲ ಅಂತ ಕೇಳಿದಾಗ, ನಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಡ್ತೀನಿ ಅಂದನಂತೆ. ಒದ್ದೆ ಧಾನ್ಯವನ್ನು ಮೇಲೆ ಇಟ್ಟರೂ ಕೊಳ್ಳುವವರಿದ್ದಾರೆ. ರಾತ್ರಿ ಗುರ್ ಅನ್ನುವ ಫ್ರಿಜ್ ಒಂದು ಹಾಲಿನ ಅಂಗಡಿಗೆ ಬೇಕಾಗಿರಬಹುದು, ರಾತ್ರಿ ಅಲ್ಲಿ ಯಾರೂ ಮಲಗೋದಿಲ್ಲ.

ಕಾನೂನು ಕೂಡ ನಿಧಾನಕ್ಕೆ ಇಲ್ಲಿಗೇ ಬಂದಿದೆ. 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಮು, ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು ಅಂತದೆ. ಗುಣಮಟ್ಟದ ಹೊಣೆ ಹೆಚ್ಚಾಗಿ ಆ ಸರಕಿನ ವ್ಯಾಪಾರಿಗಳ ಮೇಲೆ, ಮನೆಯ ಫ್ರಿಜ್ ಮಾರುವವರ ಮೇಲೆ ಅಲ್ಲ. ಆದರೆ ವಿವರಣೆಯ ಹೊಣೆ ಎಲ್ಲರಿಗೂ. ಎದುರಿಗೆ ಕೂತು ಮಾರುವಾಗ ವಿವರಣೆಗೆ ಅಂಥ ತೂಕವಿಲ್ಲ, ವಸ್ತುವೇ ಮಾತಾಡ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವನ ಕೈಗೆ ಸಿಗುವುದು ವಿವರಣೆ ಮಾತ್ರ. ಅದಕ್ಕೇ ನಾನು ರಾಯಚೂರಿನ ನಮ್ಮ ಗೆಳೆಯರಿಗೆ ಹೇಳಿದ್ದು ಇಷ್ಟು: ಕೊಂಡ ವರ್ಷ, ಸದ್ದು, ನೀರು, ಮೂರನ್ನೂ ಬರೀರಿ, ನೀರು ನಿಲ್ಲುವ ತಳದ ಫೋಟೋವನ್ನೂ ಹಾಕ್ರಿ, ಬೆಲೆ ಅದಕ್ಕೆ ತಕ್ಕ ಹಾಗೆ ಇಳಿಸ್ರಿ, ಕೆಳಗೆ ವಾಪಸ್ ಇಲ್ಲ ಅಂತ ಧೈರ್ಯವಾಗಿ ಬರೀರಿ. ನಾರದನೂ ಒಪ್ಪುತ್ತಾನೆ, ಖಾಜಿಯೂ ಒಪ್ಪುತ್ತಾನೆ.

ಮಾತು ಕೊಟ್ಟ ಮೇಲಿನ ನಡತೆ ಇನ್ನೊಂದು ಕಥೆ. ಒಬ್ಬರಿಗೆ ಶನಿವಾರ ಬನ್ನಿ ಅಂದಿರ್ತೀವಿ, ಶುಕ್ರವಾರ ರಾತ್ರಿ ಇನ್ನೊಬ್ಬರು ಐನೂರು ಜಾಸ್ತಿ ಕೊಡ್ತೀನಿ ಅಂತಾರೆ. ಯಾಜ್ಞವಲ್ಕ್ಯ ಒಬ್ಬರಿಗೆ ಮಾರಿದ್ದನ್ನು ಇನ್ನೊಬ್ಬರ ಕೈಗೆ ಮಾರುವವನನ್ನೂ, ಕೆಟ್ಟದ್ದನ್ನು ಒಳ್ಳೇದು ಅಂತ ಮಾರುವವನನ್ನೂ ಒಂದೇ ಶ್ಲೋಕದಲ್ಲಿ ಸೇರಿಸಿ, ಇಬ್ಬರಿಗೂ ಬೆಲೆಯ ಎರಡರಷ್ಟು ದಂಡ ಹಾಕ್ತಾನೆ. ಮುಂಗಡ ಇಸಗೊಂಡಿದ್ದರೆ ಅದನ್ನೂ ಎರಡು ಪಟ್ಟು ತಿರುಗಿಸಬೇಕು. ಆ ಮುಂಗಡಕ್ಕೆ ಸಂಸ್ಕೃತದಲ್ಲಿ ಸತ್ಯಂಕಾರ ಅಂತ ಹೆಸರು, ಮಾತನ್ನು ಸತ್ಯ ಮಾಡುವ ದುಡ್ಡು. ಅದೇ ನಮ್ಮ ಬಾಯಲ್ಲಿ ಸಂಚಕಾರ ಆಯ್ತು. ಇವತ್ತು ಪೇಪರಿನಲ್ಲಿ 'ಜೀವಕ್ಕೆ ಸಂಚಕಾರ' ಅಂತ ಓದಿದಾಗ ಯಾರಿಗೂ ಮುಂಗಡ ನೆನಪಾಗೋದಿಲ್ಲ. ನಂಬಿಕೆಯ ಪದವೊಂದು ಅಪಾಯದ ಪದ ಆದದ್ದು ಹೇಗೆ ಅನ್ನುವುದರ ಮೇಲೆ ಬೇರೆಯೇ ಒಂದು ವಿಡಿಯೋ ಮಾಡಬೇಕು.

ಮುಂಗಡದ ಹೆಸರಿನಲ್ಲಿ ಮಾರುವವರಿಗೇ ಮೋಸ ಮಾಡುವವರೂ ಇದ್ದಾರೆ. ನಾನು ಮಿಲಿಟರಿಯಲ್ಲಿದ್ದೀನಿ, ನೋಡೋಕೆ ಬರಲಾಗೋದಿಲ್ಲ, ಕ್ಯೂಆರ್ ಕೋಡ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಅಂತಾರೆ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ, ಅಷ್ಟು ಗೊತ್ತಿದ್ದರೆ ಸಾಕು. ಫೋನ್ ಮಾರುವವರು ಬಿಲ್ಲು ಕೊಡ್ರಿ, ಫೋನಿನೊಳಗಿನದನ್ನೆಲ್ಲ ಅಳಿಸಿ ಕೊಡ್ರಿ. 2023ರ ಮೇ ತಿಂಗಳಿಂದ ಸಂಚಾರ್ ಸಾಥಿ ಅನ್ನುವ ಸರಕಾರಿ ತಾಣದಲ್ಲಿ ಕಳೆದುಹೋದ ಫೋನಿನ ಐಎಂಇಐ ನಂಬರನ್ನು ದೇಶಾದ್ಯಂತ ಬಂದ್ ಮಾಡಬಹುದು, ಕೊಳ್ಳುವವರು ಅಲ್ಲಿ ನಂಬರ್ ಹಾಕಿ ಪರೀಕ್ಷೆಯೂ ಮಾಡಬಹುದು. ಸಂಸ್ಥಾಧ್ಯಕ್ಷನ ಕೆಲಸವನ್ನು ಈಗ ಒಂದು ಕಂಪ್ಯೂಟರ್ ಮಾಡ್ತದೆ.

ಉಳಿದದ್ದು ಸ್ಕೂಟರು. ಇದರಲ್ಲಿ ದಯವಿಟ್ಟು ಹುಷಾರು, ಯಾಕಂದ್ರೆ ಇಲ್ಲಿ ಕೆಡುವುದು ಮಾರಿದವರ ಮನೆ. ಹೈದರಾಬಾದಿನಲ್ಲಿ ಕೆಎ-32, ಕೆಎ-36, ಕೆಎ-38 ನಂಬರಿನ ಗಾಡಿಗಳು ಎಷ್ಟು ಓಡಾಡ್ತವೆ ನೀವೇ ನೋಡಿರ್ತೀರಿ. ಊರಿನ ಗಾಡಿ, ಇಲ್ಲಿ ಮಾರಾಟ, ಬೇರೆ ರಾಜ್ಯದ ಕಾಗದ, ಹಾಗಾಗಿ ಸಹಿ ಹಾಕಿದ ಖಾಲಿ ಫಾರಂ ಕೈಗೆ ಕೊಟ್ಟು, ನೀವೇ ಮಾಡಿಸಿಕೊಳ್ಳಿ ಅಂತ ಹೊರಟುಬಿಡ್ತಾರೆ. ಉತ್ತರ ಭಾರತದ ಒಂದು ಪ್ರಕರಣದಲ್ಲಿ ಒಬ್ಬರು 2007ರಲ್ಲಿ ತಮ್ಮ ಕಾರು ಮಾರಿದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ, ಹೀಗೆ ಕಾರು ಕೈ ದಾಟುತ್ತಾ ಹೋಯ್ತು. ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳೀತು. 2009ರಲ್ಲಿ ಆ ಕಾರು ಹಿಂದಕ್ಕೆ ಬರುವಾಗ ಡಿಕ್ಕಿ ಹೊಡೆದು ಒಂದು ಮಗು ಸತ್ತಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ತಮ್ಮ ಗಾಡಿ ಕೈಯಿಂದ ಕೈಗೆ ಎಲ್ಲೆಲ್ಲಿ ಹೋಯ್ತು ಅಂತ ಹುಡುಕಿಕೊಂಡು ಅಲೆಯುವ ಪಾಡು ಅಪಘಾತದಲ್ಲಿ ನೊಂದವರಿಗೆ ಬರಬಾರದು ಅನ್ನುವುದು ಕೋರ್ಟಿನ ಕಾರಣ.

ಮಾರಿದವರು ನೋಂದಣಿ ಇರುವ ರಾಜ್ಯದೊಳಗೇ ಮಾರಿದ್ದರೆ 14 ದಿನದೊಳಗೆ ಫಾರಂ 29ರಲ್ಲಿ ಆರ್‌ಟಿಓಗೆ ತಿಳಿಸಬೇಕು, ಹೊರ ರಾಜ್ಯವಾದರೆ 45 ದಿನ. ಕೊಂಡವರದು ಫಾರಂ 30. ಕೆಎ ನಂಬರಿನ ಗಾಡಿ ತೆಲಂಗಾಣದಲ್ಲಿ ಮಾರುವವರು ಮೊದಲು ಊರಿನ ಆರ್‌ಟಿಓದಿಂದ ಎನ್‌ಓಸಿ ತರಿಸಬೇಕು, ಅದು ಫಾರಂ 28. ಗಾಡಿ ಕೊಟ್ಟ ತಾರೀಖು, ಹೊತ್ತು, ಕೊಂಡವರ ಗುರುತಿನ ಚೀಟಿಯ ನಕಲು, ಇಬ್ಬರ ಸಹಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ರಿ. ಆರ್‌ಸಿಯಲ್ಲಿ ಹೆಸರು ಬದಲಾಗಿದ್ದನ್ನು ಪರಿವಾಹನ್ ತಾಣದಲ್ಲಿ ನೋಡುವ ತನಕ ಆ ಹಾಳೆ ಎಸೀಬ್ಯಾಡ್ರಿ.